ಕುಮಾರಪಟ್ಟಣದಲ್ಲಿ ಹತ್ತು ಹಾಳೆ

ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಬೆಳಗಿನ ಒಂಬತ್ತೂವರೆ. ಹೆಗಲಿಗೆ ಒಂದು ಚೀಲ. ಚೀಲದಲ್ಲಿ ಟವೆಲ್ ಸುತ್ತಿದ ಕ್ಯಾಮರಾ. ಕ್ಯಾಮರಾದ ಹೊಟ್ಟೆಯಲ್ಲಿ ಹತ್ತೇ ಹತ್ತು ಹಾಳೆ. ಹನ್ನೊಂದನೆಯದು ಬೇಕೆಂದರೆ ವಾಪಸು ದಾವಣಗೆರೆಗೆ ಹೋಗಬೇಕು. ಅದಕ್ಕೆ ಜೇಬಿನಲ್ಲಿ ಕಾಸಿಲ್ಲ!

ಕ್ಯಾಮರಾ ಎಂದ ಕೂಡಲೇ ಯಾವುದೋ ಶೂಟಿಂಗ್ ಸಮಾಚಾರ ಎಂದುಕೊಂಡಿರಿ, ಅಲ್ಲವೆ? ಕ್ಷಮಿಸಿ ಮಿತ್ರರೇ. ಈ ಸಲ ಹೀರೋ ಇಲ್ಲ, ಹೀರೋಯಿನ್ ಅಂತೂ ಇಲ್ಲವೇ ಇಲ್ಲ. ಇರುವವರು ಎಪ್ಪತ್ತಕ್ಕೆ ಸಮೀಪದ ನಮ್ಮ ದೊಡ್ಡಪ್ಪ, ಮತ್ತು ಅಂಗೈಯಗಲದ ಒಂದು ಹಳೆಯ ಫೋಟೋ. ಆದರೂ ಪುಟ ತಿರುಗಿಸಬೇಡಿ. ಫ್ಲ್ಯಾಶ್‌ಬ್ಯಾಕ್ ಇದೆ, ಅಣ್ಣತಮ್ಮಂದಿರ ಆಸ್ತಿ ಜಗಳ ಇದೆ, ನಡುವೆ ಇಂಟರ್ವಲ್ಲಿಗೆ ಮಂಡಕ್ಕಿ-ಮೆಣಸಿನಕಾಯಿಯೂ ಇದೆ.

ಕ್ಯಾಮರಾ ನನ್ನದಲ್ಲ. ದಾವಣಗೆರೆಯಲ್ಲಿ ಮದುವೆ ಫೋಟೋ ತೆಗೆಯುವ ಗೆಳೆಯನದು. ಜಪಾನಿನ ಫ್ಯೂಜಿ ಕಂಪನಿಯ ಇನ್‌ಸ್ಟಾಕ್ಸ್ ಮಿನಿ 8. ನೋಡಿದರೆ ಮಕ್ಕಳ ಆಟಿಕೆ, ತಿಳಿನೀಲಿ ಬಣ್ಣ, ದುಂಡನೆಯ ಮೈ. ಗುಂಡಿ ಒತ್ತಿದರೆ ತಲೆಯ ಮೇಲಿನ ಸೀಳಿನಿಂದ ಒಂದು ಬಿಳಿ ಕಾರ್ಡು ನಾಲಿಗೆ ಚಾಚಿದಂತೆ ಹೊರಗೆ ಬರುತ್ತದೆ. ಮೊದಲು ಏನೂ ಇರುವುದಿಲ್ಲ. ಒಂದೆರಡು ನಿಮಿಷ ಕಳೆದರೆ ಮಂಜಿನೊಳಗಿಂದ ಎಂಬಂತೆ ಮುಖ ಮೂಡುತ್ತದೆ. ಈಗ ಮದುವೆ ಮನೆಗಳಲ್ಲಿ ಇದರದ್ದೇ ಹವಾ! ಬಂದವರ ಫೋಟೋ ಸ್ಥಳದಲ್ಲೇ ತೆಗೆದು, ಆಲ್ಬಮ್ಮಿಗೆ ಅಂಟಿಸಿ, ಕೆಳಗೆ ಒಂದು ಸಾಲು ಹಾರೈಕೆ ಬರೆಸುತ್ತಾರೆ. ಮುಗಿಬೀಳುವವರು ಮುದುಕರಲ್ಲ, ಕೈಯಲ್ಲಿ ಮೊಬೈಲ್ ಹಿಡಿದೇ ಬೆಳೆದ ಹುಡುಗರು.

“ಮೊಬೈಲಲ್ಲಿ ಸಾವಿರ ಹೊಡೀತಾರೆ, ಒಂದನ್ನೂ ತಿರುಗಿ ನೋಡಲ್ಲ. ಇದನ್ನ ಮಾತ್ರ ಪರ್ಸಲ್ಲಿ ಇಟ್ಕೊಂಡು ಹೋಗ್ತಾರೆ ಗುರೂ” ಎಂದ ಗೆಳೆಯ. ಕ್ಯಾಮರಾ ಕೊಡುವಾಗ ಗಡುವನ್ನೂ ಕೊಟ್ಟ: ನಾಡಿದ್ದು ಮುಹೂರ್ತ, ಅಷ್ಟರೊಳಗೆ ವಾಪಸು ಬರಬೇಕು. ಫಿಲಂ ಮಾತ್ರ ನನ್ನ ಖರ್ಚು. ಹತ್ತು ಹಾಳೆಗೆ ಐನೂರು ಚಿಲ್ಲರೆ ಕೊಟ್ಟೆ. ಒಂದು ಸಲ ಗುಂಡಿ ಒತ್ತಿದರೆ ಒಂದು ಊಟ ಖಲಾಸ್!

ಹರಿಹರೇಶ್ವರನ ಗುಡಿಗೆ ಹೊರಗಿನಿಂದಲೇ ಕೈ ಮುಗಿದೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದು. ಅರ್ಧ ಹರಿ, ಅರ್ಧ ಹರ, ಇಬ್ಬರೂ ಒಂದೇ ಫ್ರೇಮಿನಲ್ಲಿ. ಅಲ್ಲಿಂದ ತುಂಗಭದ್ರೆಯ ಸೇತುವೆ ದಾಟಿದರೆ ಜಿಲ್ಲೆಯೇ ಬೇರೆ. 1956ರವರೆಗೆ ಈ ದಡ ಮೈಸೂರು, ಆ ದಡ ಮುಂಬೈ ರಾಜ್ಯ. ಈಗ ಈ ದಡ ದಾವಣಗೆರೆ ಜಿಲ್ಲೆ, ಆ ದಡ ಹಾವೇರಿ ಜಿಲ್ಲೆ. ಎರಡೂ ಹುಟ್ಟಿದ್ದು 1997ರಲ್ಲಿ, ನಾನು ಹುಟ್ಟಿದ ವರ್ಷವೇ. ಸರ್ಕಾರ ಗೆರೆ ಎಳೆಯುವ ಮೊದಲೇ ಭಾಷೆ ಗೆರೆ ಎಳೆದುಬಿಟ್ಟಿದೆ. ಈ ಕಡೆ “ಬನ್ನಿ, ಕೂತ್ಕೊಳ್ಳಿ”. ಆ ಕಡೆ “ಬರ್ರಿ, ಕೂಡ್ರಿ”. ಆಟೋದಲ್ಲಿ ನನ್ನ ಪಕ್ಕ ಕೂತ ಅಜ್ಜಿ ಸೇತುವೆಯ ನಡುವೆ ಒಂದು ರೂಪಾಯಿ ನಾಣ್ಯ ನೀರಿಗೆಸೆದು ಕಣ್ಣು ಮುಚ್ಚಿಕೊಂಡಳು. ನಾನೂ ಜೇಬು ಮುಟ್ಟಿ ನೋಡಿಕೊಂಡು ಸುಮ್ಮನಾದೆ.

ಕುಮಾರಪಟ್ಟಣ ಬಂತೆಂದು ಹೇಳುವುದಕ್ಕೆ ಬೋರ್ಡು ಬೇಡ, ಚಿಮಣಿಗಳೇ ಸಾಕು. ಹರಿಹರ ಪಾಲಿಫೈಬರ್ಸ್ ಇಲ್ಲಿ ಶುರುವಾದದ್ದು 1972ರಲ್ಲಿ. ನೀಲಗಿರಿ ಮರದ ದಿಮ್ಮಿ ಒಳಗೆ ಹೋಗಿ ಬಿಳಿಯ ತಿರುಳಾಗುತ್ತದೆ. ಆ ತಿರುಳಿನಿಂದ ಬಟ್ಟೆಯ ನೂಲಿಗೆ ಬೇಕಾದ ಎಳೆ. ಈ ತಿರುಳಿನ ಮೂಲವಸ್ತು ಸೆಲ್ಯುಲೋಸ್. ಸಿನಿಮಾ ರೀಲಿಗೂ ಇದೇ ಸೆಲ್ಯುಲೋಸ್ ಆಧಾರ! ಮೊದಲು ಬೆಂಕಿ ಕಂಡರೆ ಭಗ್ಗೆನ್ನುವ ನೈಟ್ರೇಟ್ ಫಿಲಂ, ಆಮೇಲೆ ಸುಲಭವಾಗಿ ಹೊತ್ತಿಕೊಳ್ಳದ ಅಸಿಟೇಟ್ ಫಿಲಂ. ನಮ್ಮಪ್ಪನ ಕಾಲದವರು ಸಿಳ್ಳೆ ಹೊಡೆದ ಮುಖಗಳೆಲ್ಲ ಒಂದು ಕಾಲಕ್ಕೆ ಹತ್ತಿಯೋ ಮರವೋ ಆಗಿದ್ದವು. ಕುಮಾರಪಟ್ಟಣದ ತಿರುಳು ರೀಲಾಗಿತ್ತೆಂದು ನಾನು ಹೇಳುತ್ತಿಲ್ಲ. ಅದು ಬಟ್ಟೆಯ ದಾರಿ ಹಿಡಿದದ್ದು. ಆದರೆ ಚೀಲದಲ್ಲಿ ಫಿಲಂ ಇಟ್ಟುಕೊಂಡು ಆ ಗೇಟಿನ ಮುಂದೆ ಹಾದುಹೋಗುವಾಗ ಹೀಗೆಲ್ಲ ತಲೆಗೆ ಬರುತ್ತದೆ.

ಈ ಊರನ್ನು ನೆನೆದರೆ ಆ ಚಳವಳಿಯನ್ನೂ ನೆನೆಯಬೇಕು. ನದಿಯ ನೀರಿನ ಬಗ್ಗೆ, ನೀಲಗಿರಿ ನೆಡಲು ಕೊಟ್ಟ ಊರೊಟ್ಟಿನ ಜಮೀನಿನ ಬಗ್ಗೆ ಎಂಬತ್ತರ ದಶಕದಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೋರಾಟಕ್ಕೆ ಇಳಿಯಿತು. ಜಮೀನಿನ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದಾಗ ಶಿವರಾಮ ಕಾರಂತರೂ ಅರ್ಜಿದಾರರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತರು, ಊರಿಗೆ ಬೇಕಾದ ಗಿಡ ಹಚ್ಚಿದರು. ದೊಡ್ಡಪ್ಪನನ್ನು ಕೇಳಿದರೆ ಆ ವಿಷಯಕ್ಕೆ ಒಂದೇ ಮಾತು: “ಎರಡೂ ಕಡೀಗೆ ನಮ್ಮವರ ಇದ್ರು.”

ಈಗ ಫ್ಲ್ಯಾಶ್‌ಬ್ಯಾಕ್. 1986. ನಮ್ಮ ದೊಡ್ಡಪ್ಪ, ನಮ್ಮಪ್ಪ ಇಬ್ಬರೂ ಇಲ್ಲಿ ಕೆಲಸಕ್ಕಿದ್ದರು. ಅಣ್ಣನಿಗೆ ಮೂವತ್ತು, ತಮ್ಮನಿಗೆ ಇಪ್ಪತ್ತಾರು. ಯಾವುದೋ ಯಂತ್ರ ಜೋಡಿಸಲು ಬಂದಿದ್ದ ಒಬ್ಬ ಬಿಳಿ ಎಂಜಿನಿಯರ್ ಒಂದು ಭಾನುವಾರ ಹೊಳೆ ದಂಡೆಯಲ್ಲಿ ಇವರಿಬ್ಬರನ್ನು ನಿಲ್ಲಿಸಿ ಪೋಲರಾಯ್ಡ್ ಕ್ಯಾಮರಾದಲ್ಲಿ ಕ್ಲಿಕ್ಕಿಸಿದ. ಚೌಕನೆಯ ಫೋಟೋ, ಕೆಳಗೆ ಅಗಲವಾದ ಬಿಳಿ ಪಟ್ಟಿ. ಅಪ್ಪ ಅದನ್ನು ಕೈಯಲ್ಲಿ ಹಿಡಿದು, ಇಬ್ಬರ ಮುಖ ಮೂಡುವುದನ್ನು ನೋಡುತ್ತ ನಿಂತಿದ್ದನಂತೆ. ಆಮೇಲೆ ಬಿಳಿ ಪಟ್ಟಿಯ ಮೇಲೆ ನೀಲಿ ಪೆನ್ನಿನಲ್ಲಿ ಬರೆದ: ‘ಕುಮಾರಪಟ್ಟಣ, 1986’. ಅಪ್ಪನ ಕೂದಲು ಆಗ ಥೇಟ್ ಶಂಕರ್‌ನಾಗ್! ಇದೇ ಹೆದ್ದಾರಿಯ ಆನಗೋಡಿನಲ್ಲಿ 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ಹೋದ ಮೇಲೆ ಅಪ್ಪ ಕೂದಲು ಸಣ್ಣ ಮಾಡಿಸಿದವನು ಮತ್ತೆ ಬಿಡಲಿಲ್ಲವಂತೆ.

ಆ ಫೋಟೋ ಅಣ್ಣನ ಮನೆಯಲ್ಲಿ ಉಳಿಯಿತು. ಮುಂದೆ ಎರಡೆಕರೆ ಹೊಲದ ಪಾಲಿನಲ್ಲಿ ಜಗಳವಾಯಿತು. ಹೊಲ ಹಂಚಿದರು, ಬಾವಿ ಹಂಚಿದರು, ಮಾತು ನಿಂತಿತು. ನಾವು ರಾಣೆಬೆನ್ನೂರಿಗೆ ಬಂದೆವು. 2019ರಲ್ಲಿ ಅಪ್ಪ ತೀರಿಕೊಂಡಾಗ ದೊಡ್ಡಪ್ಪ ಬಂದಿದ್ದ. ದೂರದಲ್ಲಿ ನಿಂತು ಮಣ್ಣು ಹಾಕಿ ಹೋದ. ಅವ್ವ ಮಾತಾಡಿಸಲಿಲ್ಲ.

ಅಪ್ಪನ ಫೋಟೋಗಳೆಲ್ಲ ಅವನ ಮೊಬೈಲಿನಲ್ಲೇ ಇದ್ದವು. ಆ ಮೊಬೈಲು ಕೆಟ್ಟು ಹೋಯಿತು. ಹೀಗಾಗಿ ನಮ್ಮ ಮನೆಯಲ್ಲಿ ಹಾರ ಹಾಕಿರುವುದು ಯಾವ ಫೋಟೋಕ್ಕೆ ಗೊತ್ತೆ? ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿಸಿದ್ದಕ್ಕೆ! ನಗೆ ಬಂತೆ? ನಗಿ. ಎಷ್ಟೋ ಮನೆಗಳಲ್ಲಿ ಇದೇ ಕಥೆ.

“ಆ ಹೊಳಿದಂಡಿ ಫೋಟೋದಾಗ ಅವ್ರು ನಗತಾರ” ಎಂದು ಅವ್ವ ಆಗಾಗ ಅನ್ನುತ್ತಿದ್ದಳು. ದೊಡ್ಡಪ್ಪನ ಮಗಳು, ನನ್ನ ಅಕ್ಕ, ಗುಟ್ಟಾಗಿ ಅದನ್ನು ವಾಟ್ಸಾಪಿನಲ್ಲಿ ಕಳಿಸಿದಳು. ನಾನು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿಕೊಟ್ಟೆ. ಅವ್ವ ನೋಡಿದಳು, ಕಪಾಟಿನಲ್ಲಿಟ್ಟಳು. “ಮೊಬೈಲಿನಾಗ ಇದ್ದದ್ದು ಒಮ್ಮೆ ಹೋತಲ್ಲ... ಮತ್ತ ಇದು ಅವ್ರು ಹಿಡದ ಹಾಳಿ ಅಲ್ಲ” ಎಂದಳು. ಸಿನಿಮಾದ ಸಾವಿರ ಸ್ಟಿಲ್ ನೋಡಿದ ನನಗೆ ಆ ಮಾತಿಗೆ ಉತ್ತರ ಹೊಳೆಯಲಿಲ್ಲ. ಪೋಲರಾಯ್ಡಿಗೆ ನೆಗೆಟಿವ್ ಇಟ್ಟುಕೊಂಡು ಇನ್ನೊಂದು ಪ್ರಿಂಟ್ ತೆಗೆಯುವ ಮಾತೇ ಇಲ್ಲ. ಅಪ್ಪ ಆ ದಿನ ಹೊಳೆಯ ದಂಡೆಯಲ್ಲಿ ಹಿಡಿದ ಹಾಳೆ ಜಗತ್ತಿನಲ್ಲಿ ಒಂದೇ.

ಹೀಗೆ ಹೊರಟದ್ದು ನಾನು. ಹೊಸದೊಂದು ಹಾಳೆ ಕೊಟ್ಟು ಹಳೆಯದನ್ನು ಕೇಳುವುದೆಂದು ಲೆಕ್ಕಾಚಾರ.

ಕೋಡಿಯಾಲ-ಹೊಸಪೇಟೆಯ ಮನೆಯ ಕಟ್ಟೆಯ ಮೇಲೆ ದೊಡ್ಡಪ್ಪ ಕೂತಿದ್ದ. ನಾನು ಚಪ್ಪಲಿ ಬಿಟ್ಟು ಕಾಲು ಮುಟ್ಟಿದೆ.

“ಯಾರು... ಸಣ್ಣಾವನೇನು? ದಾರಿ ಹೆಂಗ ಗೊತ್ತಾತೋ ತಮ್ಮಾ?”

“ಕೇಳ್ಕೋತ ಬಂದೆರಿ ದೊಡ್ಡಪ್ಪ.”

“ಈಗ ಏನ್ ಕೆಲಸ ಮಾಡ್ತಿ?”

“ಸಿನಿಮಾ ಪೇಪರಿಗೆ ಬರೀತೇನ್ರಿ.”

“ಅದಕ್ಕ ಪಗಾರ ಕೊಡ್ತಾರೇನು?”

ಸಂಪಾದಕರು ಈ ಸಾಲನ್ನು ಕತ್ತರಿಸದಿರಲಿ ಎಂದು ಪ್ರಾರ್ಥನೆ! ಒಳಗಿನಿಂದ ದೊಡ್ಡವ್ವ ಬಂದಳು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ. ಕ್ಯಾಮರಾ ಹೊರಗೆ ತೆಗೆದೆ. “ನಂದೊಂದು ಹೊಡಿ ಮೊದಲ” ಎಂದು ದೊಡ್ಡವ್ವ ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತಳು. ಮೊದಲ ಹಾಳೆ ಅಲ್ಲಿ ಹೋಯಿತು. ಮುಖ ಮೂಡಲಿ ಎಂದು ಕಾರ್ಡನ್ನು ಗಾಳಿಗೆ ಬೀಸತೊಡಗಿದಳು. ಬೀಸಬಾರದು ಎಂದೆ. ಕಾರ್ಡಿನ ಒಂದು ಅಂಚಿನಲ್ಲಿ ರಾಸಾಯನಿಕದ ಸಣ್ಣ ಪೊಟ್ಟಣ ಇರುತ್ತದೆ. ಹೊರಬರುವಾಗ ಎರಡು ರೋಲರುಗಳ ನಡುವೆ ಅದು ಒಡೆದು ಹಾಳೆಯ ಪದರಗಳ ನಡುವೆ ಹರಡುತ್ತದೆ. ಕತ್ತಲೆ ಕೋಣೆಯ ಕೆಲಸವೆಲ್ಲ ಆ ಕೂದಲೆಳೆಯಷ್ಟು ಸಂದಿನಲ್ಲೇ ನಡೆಯುತ್ತದೆ. ಪಿಯುಸಿ ಸೈನ್ಸನ್ನು ಕೆಮಿಸ್ಟ್ರಿಗೆ ಹೆದರಿಯೇ ಅರ್ಧಕ್ಕೆ ಬಿಟ್ಟವನು ನಾನು. ಹಾಗಿದ್ದೂ ದೊಡ್ಡವ್ವನಿಗೆ ಪಾಠ ಹೇಳಿದೆ ನೋಡಿ!

ಇದನ್ನು ಕಂಡುಹಿಡಿದವನು ಅಮೆರಿಕದ ಎಡ್ವಿನ್ ಲ್ಯಾಂಡ್. 1943ರಲ್ಲಿ ರಜೆಗೆ ಹೋಗಿದ್ದಾಗ ಅವನ ಮೂರು ವರ್ಷದ ಮಗಳು, ಈಗ ತೆಗೆದ ಫೋಟೋ ಈಗಲೇ ಯಾಕೆ ಕಾಣುವುದಿಲ್ಲ ಎಂದು ಕೇಳಿದಳಂತೆ. 1948ರಲ್ಲಿ ಬಾಸ್ಟನ್ನಿನ ಅಂಗಡಿಯಲ್ಲಿ ಮೊದಲ ಪೋಲರಾಯ್ಡ್ ಕ್ಯಾಮರಾ ಮಾರಾಟಕ್ಕೆ ಬಂತು. ಸಿಪ್ಪೆ ಸುಲಿಯುವ ತಾಪತ್ರಯವಿಲ್ಲದೆ, ಹೊರಬಿದ್ದು ಕಣ್ಣೆದುರೇ ಮೂಡುವ ಎಸ್‌ಎಕ್ಸ್-70 ಬಂದದ್ದು 1972ರಲ್ಲಿ, ಕುಮಾರಪಟ್ಟಣದ ಚಿಮಣಿ ಎದ್ದ ವರ್ಷವೇ. ಕೊಡಕ್ ಕಂಪನಿ ತಾನೂ ಪೈಪೋಟಿಗೆ ಇಳಿದು, ಪೇಟೆಂಟ್ ಮೊಕದ್ದಮೆಯಲ್ಲಿ ಸೋತು 1986ರಲ್ಲಿ ಈ ದಂಧೆಯನ್ನೇ ಬಿಟ್ಟಿತು. ಹಾಲಿವುಡ್ಡಿನ ಸೆಟ್ಟುಗಳಲ್ಲಿ ಕಂಟಿನ್ಯುಟಿ ನೋಡುವವರ ಕೈಯಲ್ಲಿ ಪೋಲರಾಯ್ಡ್ ಇರುತ್ತಿತ್ತು: ಹೀರೋನ ಅಂಗಿಯ ಎಷ್ಟು ಗುಂಡಿ ಬಿಚ್ಚಿತ್ತು, ಹಣೆಯ ಗಾಯ ಎಡಕ್ಕೋ ಬಲಕ್ಕೋ, ಅಲ್ಲೇ ಗೊತ್ತಾಗಬೇಕು. ನಿಮಗೆ ‘ಗಜಿನಿ’ ನೆನಪಿದ್ದರೆ ಸಾಕು. 2005ರಲ್ಲಿ ಸೂರ್ಯ, 2008ರಲ್ಲಿ ಆಮಿರ್ ಖಾನ್, ನೆನಪು ನಿಲ್ಲದೆ ಕಂಡವರ ಫೋಟೋ ತೆಗೆದು ಹೆಸರು ಬರೆದುಕೊಳ್ಳುತ್ತಾರಲ್ಲ, ಅದೇ ದಿಢೀರ್ ಫೋಟೋ. ಅವಕ್ಕಿಂತ ಮೊದಲು, 2000ದಲ್ಲೇ, ಕ್ರಿಸ್ಟೋಫರ್ ನೋಲನ್ ‘ಮೆಮೆಂಟೋ’ದ ಮೊದಲ ದೃಶ್ಯದಲ್ಲಿ ಪೋಲರಾಯ್ಡನ್ನು ಹಿಂದುಮುಂದಾಗಿ ಓಡಿಸಿದ್ದ. ಮೂಡಿದ ಚಿತ್ರ ಮಾಸುತ್ತ ಮಾಸುತ್ತ ಬಿಳಿ ಹಾಳೆಯಾಗುತ್ತದೆ!

ಆಮಿರ್‌ನ ‘ಗಜಿನಿ’ ಬಂದ 2008ರಲ್ಲೇ ಪೋಲರಾಯ್ಡ್ ಕಂಪನಿ ಇನ್ನು ಫಿಲಂ ಮಾಡುವುದಿಲ್ಲ ಎಂದು ಕೈಯೆತ್ತಿತು. ಹೀರೋ ಸತ್ತ ಎಂದು ಎಲ್ಲರೂ ಎದ್ದು ಹೊರಟರು. ಆಗ ವಿಯೆನ್ನಾದ ಫ್ಲೋರಿಯನ್ ಕ್ಯಾಪ್ಸ್, ಕಾರ್ಖಾನೆಯವನೇ ಆದ ಆಂಡ್ರೆ ಬೋಸ್ಮನ್ ಮತ್ತು ಜೊತೆಗಾರರು ಹಾಲೆಂಡಿನ ಎನ್‌ಶೆಡೆಯಲ್ಲಿದ್ದ ಕೊನೆಯ ಕಾರ್ಖಾನೆಯ ಯಂತ್ರಗಳನ್ನು ಕೊಂಡರು. ಹಳೆಯ ಕೆಲಸಗಾರರಲ್ಲಿ ಬೆರಳೆಣಿಕೆಯಷ್ಟು ಮಂದಿಯನ್ನು ಉಳಿಸಿಕೊಂಡರು. ಕಂಪನಿಯ ಹೆಸರೇ ‘ಇಂಪಾಸಿಬಲ್’! ಯಂತ್ರ ಇದೆ, ಆದರೆ ಬೇಕಾದ ರಾಸಾಯನಿಕಗಳನ್ನು ಮಾಡುವವರೇ ಇಲ್ಲ. ಬಸ್ಸಿದೆ, ಡೀಸೆಲ್ ಇಲ್ಲ. ಹೊಸದಾಗಿ ಪಾಕ ಕಂಡುಹಿಡಿದು 2010ರಲ್ಲಿ ಫಿಲಂ ಹೊರತಂದರು. ಮೊದಮೊದಲಿನ ಹಾಳೆಗಳನ್ನು ಹೊರಬಂದ ಕೂಡಲೇ ಬೆಳಕಿನಿಂದ ಮುಚ್ಚಿಡಬೇಕಿತ್ತು. ಬಣ್ಣಕ್ಕೂ ನಂಬಿಕೆಯಿಲ್ಲ. ಆದರೂ ಜನ ಕೊಂಡರು. 2017ರಲ್ಲಿ ಅದು ‘ಪೋಲರಾಯ್ಡ್ ಒರಿಜಿನಲ್ಸ್’ ಆಯಿತು, 2020ರಲ್ಲಿ ಮತ್ತೆ ಬರೀ ‘ಪೋಲರಾಯ್ಡ್’. ಈ ನಡುವೆ, 1998ರಲ್ಲಿ ಹುಟ್ಟಿದ್ದ ಫ್ಯೂಜಿಯ ಇನ್‌ಸ್ಟಾಕ್ಸ್ ಸದ್ದಿಲ್ಲದೆ ಬೆಳೆದು ನಮ್ಮ ಮದುವೆ ಚಪ್ಪರದವರೆಗೂ ಬಂದಿತು. ಎನ್‌ಶೆಡೆಯ ಸಂಗತಿ ಹೇಳುವಾಗ ದೊಡ್ಡಪ್ಪ ಕಿವಿಗೊಟ್ಟು ಕೇಳಿದ. ಹೀರೋನ ಬಗ್ಗೆ ಒಂದು ಮಾತಿಲ್ಲ. “ಹಳೇ ಕೆಲಸಗಾರರನ್ನ ಇಟಗೊಂಡ್ರಂತೇನು?” ಎಂದಷ್ಟೇ ಕೇಳಿದ.

ಆಮೇಲೆ ನಾನು ಬಂದ ಕಾರಣ ಹೇಳಿದೆ. ದೊಡ್ಡಪ್ಪ ಮಾತಾಡಲಿಲ್ಲ. ಒಳಗೆ ಹೋಗಿ ಟ್ರಂಕು ತೆಗೆದ ಸದ್ದು. ಎಲ್‌ಐಸಿ ಪಾಲಿಸಿಯ ಹಳೆಯ ಕವರಿನಿಂದ ಫೋಟೋ ತಂದು ನನ್ನ ಕೈಗಿಟ್ಟ. ನೀಲಿ ಆಕಾಶ ಹಳದಿಗೆ ತಿರುಗಿದೆ, ಒಂದು ಮೂಲೆಯಲ್ಲಿ ಜೇಡನ ಬಲೆಯಂತೆ ಬಿರುಕು. ಬಿಳಿ ಪಟ್ಟಿಯ ಮೇಲೆ ಅಪ್ಪನ ಅಕ್ಷರ. ಅಪ್ಪ ನಗುತ್ತಿದ್ದಾನೆ. ಅವನ ಕೈ ಅಣ್ಣನ ಹೆಗಲ ಮೇಲಿದೆ.

“ಇದನ್ನ ಕೊಡೂದಿಲ್ಲೋ ತಮ್ಮಾ. ಹೊಲದಾಗ ನಂದು ಹೆಚ್ಚಾತು ಅಂತ ನಿಮ್ಮಪ್ಪ ಅಂದಿದ್ದ. ಇರಬಹುದು. ಬೇಕಾದ್ರ ಹೊಲದ ಮಾತು ಆಡೋಣ, ಕೂಡು. ಇದು ಮಾತ್ರ ನನ್ನ ಕೂಡ ಇರ್ಲಿ.”

ನಾನು ತಲೆ ತಗ್ಗಿಸಿ ಕೂತೆ. ದೊಡ್ಡವ್ವನೇ ದಾರಿ ತೋರಿಸಿದಳು: “ಅದನ್ನ ಹಿಡಕೊಂಡು ನಿಂದರ್ರಿ, ಹುಡುಗ ನಿಮ್ಮದ ಹೊಡೀಲಿ. ಇಬ್ಬರೂ ಬರ್ತೀರಿ.”

ಇಲ್ಲಿಂದ ನನ್ನ ಛಾಯಾಗ್ರಹಣದ ಪ್ರತಾಪ ಶುರು. ಫೋಟೋದಲ್ಲಿನ ಅಪ್ಪ ದೊಡ್ಡದಾಗಿ ಬರಲಿ ಎಂದು ಒಂದಡಿ ಹತ್ತಿರ ಹೋಗಿ ಹೊಡೆದೆ. ಎಲ್ಲಾ ಮಸುಕು! ಈ ಕ್ಯಾಮರಾಕ್ಕೆ ಕಡಿಮೆಯೆಂದರೂ 60 ಸೆಂಟಿಮೀಟರ್ ದೂರ ಬೇಕು; ಅದಕ್ಕಿಂತ ಹತ್ತಿರ ಬಂದವರು ಅದಕ್ಕೆ ಕಾಣುವುದಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗ “ಅಣ್ಣಾ, ನಂದೊಂದು” ಎಂದು ಬಂದ. ಹೋಯಿತು ಇನ್ನೊಂದು ಊಟ. ಹಿಂದೆ ಸರಿದು ಹೊಡೆದರೆ, ಗುಂಡಿ ಒತ್ತಿದಾಗಲೆಲ್ಲ ಉರಿಯುವ ಫ್ಲ್ಯಾಶು ಹಳೆಯ ಫೋಟೋದ ನುಣುಪಿಗೆ ಬಡಿದು ಅಪ್ಪನ ಮುಖದ ಜಾಗದಲ್ಲಿ ಬರೀ ಬೆಳಕು! ಹುಡುಗನ ತಂಗಿ ತನಗಿಲ್ಲವೆಂದು ಅಳಲು ಹತ್ತಿದಳು. ಅವಳಿಗೂ ಒಂದು. ಕಿಂಡಿಯಲ್ಲಿ ನೋಡಿದೆ: 5. ಬಂದು ಒಂದು ತಾಸಾಗಿಲ್ಲ, ಅರ್ಧ ಪ್ಯಾಕು ಮುಗಿದಿದೆ, ಕೈಯಲ್ಲಿ ಒಂದೂ ಸರಿಯಾದದ್ದಿಲ್ಲ.

“ಹೊಳಿಗೆ ಹೋಗೂಣ ನಡಿ” ಎಂದ ದೊಡ್ಡಪ್ಪ. ಕೋಲು ಊರಿಕೊಂಡು ಮುಂದೆ ನಡೆದ. ಫೋಟೋ ಅಂಗಿಯ ಒಳಜೇಬಿನಲ್ಲಿ. ದಾರಿಯುದ್ದಕ್ಕೂ ಎದೆಯ ಮೇಲೆ ಕೈಯಿಟ್ಟೇ ನಡೆದ.

ಬೇಸಿಗೆಯ ತುಂಗಭದ್ರೆ. ನೀರು ಒಂದು ಬದಿಗೆ ಸರಿದು ಬಂಡೆ ಎದ್ದಿವೆ. ಆಚೆ ದಡದಲ್ಲಿ ಹರಿಹರ. ಪುಟ್ಟಣ್ಣ ಕಣಗಾಲರಾಗಿದ್ದರೆ ಇಲ್ಲಿ ಕ್ಯಾಮರಾವನ್ನು ನೀರಿನತ್ತ ತಿರುಗಿಸಿ ಒಂದು ನಿಮಿಷ ಸುಮ್ಮನಿರುತ್ತಿದ್ದರು. ನನ್ನ ಹತ್ತಿರ ಇದ್ದದ್ದು ಐದು ಹಾಳೆ. 1986ರ ಜಾಗ ಯಾವುದೆಂದು ದೊಡ್ಡಪ್ಪ ಹುಡುಕಿದ. ಹಳೆಯ ಫೋಟೋ ನೋಡುವುದು, ಬಂಡೆ ನೋಡುವುದು, ನಾಲ್ಕು ಹೆಜ್ಜೆ ಸರಿಯುವುದು. ಕೊನೆಗೂ ಸಿಕ್ಕಿತೋ, ಸಿಕ್ಕಿತೆಂದುಕೊಂಡನೋ, ಒಂದು ಕಡೆ ನಿಂತ.

ಮೊದಲನೆಯದರಲ್ಲಿ ಹಳೆಯ ಫೋಟೋ ಹಿಡಿದ ಕೈಯೇ ಕತ್ತರಿಸಿ ಹೋಯಿತು. ಇದರ ನೋಡುಕಿಂಡಿ ಒಂದು ಕಡೆ, ಲೆನ್ಸು ಒಂದು ಕಡೆ. ಕಣ್ಣಿಗೆ ಕಂಡದ್ದೇ ಹಾಳೆಗೆ ಬರುವುದಿಲ್ಲ. ಅಂದಾಜಿನಲ್ಲಿ ತುಸು ಪಕ್ಕಕ್ಕೆ ತಿರುಗಿಸಿದೆ. “ಫೋಟೋನ ಒಂಚೂರು ಕೆಳಗ ಬಾಗ್ಸಿ ಹಿಡೀರಿ ದೊಡ್ಡಪ್ಪ” ಎಂದೆ, ಫ್ಲ್ಯಾಶಿನ ಹೊಳಪು ತಪ್ಪಲಿ ಎಂದು. ಒತ್ತಿದೆ. ಇಬ್ಬರೂ ನೆರಳಿಗೆ ಬಂದು ಕೂತು ಕಾದೆವು. ಮೊದಲು ದೊಡ್ಡಪ್ಪನ ಬಿಳಿ ಅಂಗಿ ಮೂಡಿತು. ಆಮೇಲೆ ಹೊಳೆ. ಆಮೇಲೆ ಮುಖ. ಕೊನೆಗೆ ಅವನ ಕೈಯಲ್ಲಿನ ಪುಟ್ಟ ಚೌಕ, ಅದರೊಳಗೆ ಅಕ್ಕಿಕಾಳಿನಷ್ಟು ಎರಡು ತಲೆ. ಯಾರೆಂದು ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುವಷ್ಟು.

“ಬಂದಾನ” ಎಂದ ದೊಡ್ಡಪ್ಪ.

ಅವನಿಗೊಂದು ಇರಲೆಂದು ಅದೇ ತರಹ ಇನ್ನೊಂದು ಹೊಡೆದೆ. ಇನ್ನು ಎರಡು ಉಳಿದವು. “ಇಲ್ಲಿ ತಾ” ಎಂದು ದೊಡ್ಡಪ್ಪ ಕ್ಯಾಮರಾ ಇಸಿದುಕೊಂಡ. ತಾನು ನಿಂತಿದ್ದ ಜಾಗದ ಎಡಕ್ಕೆ, ಒಂದು ಗೇಣು ದೂರ, ನನ್ನನ್ನು ನಿಲ್ಲಿಸಿದ. ಅದು ಯಾರ ಜಾಗವೆಂದು ಹೇಳಲಿಲ್ಲ. ಯಂತ್ರದ ಜೊತೆ ಬಾಳಿದ ಕೈ, ನನಗಿಂತ ಗಟ್ಟಿಯಾಗಿ ಹಿಡಿದ. ಆ ಹಾಳೆಯನ್ನು ನನಗೆ ಕೊಡಲಿಲ್ಲ. ಎಲ್‌ಐಸಿ ಕವರಿನೊಳಗೆ ಹಳೆಯದರ ಜೊತೆಗೇ ಸೇರಿಸಿದ.

ಸಂಜೆ ರಾಣೆಬೆನ್ನೂರು ಬಸ್ಸು. ಹಿಂದಿನ ಸೀಟಿನಲ್ಲಿ ಕೂತು ಅವ್ವನಿಗೆ ಏನು ಹೇಳುವುದೆಂದು ಡೈಲಾಗ್ ಜೋಡಿಸುತ್ತ ಬಂದೆ. ಕೇಳಲು ಹೋದದ್ದು ತರಲಿಲ್ಲ; ತಂದದ್ದರಲ್ಲಿ ಅಪ್ಪ ಅಕ್ಕಿಕಾಳು.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು ಕಾರ್ಡನ್ನು ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು. ಅಪ್ಪನನ್ನು ಹುಡುಕುತ್ತಿದ್ದಾಳೆ ಎಂದುಕೊಂಡು ನಾನು ಬೆರಳಿಟ್ಟು ತೋರಿಸಹೋದೆ.

“ಭಾವನೋರು ಇಷ್ಟು ಮುದುಕ ಆಗ್ಯಾರ?” ಎಂದಳು.

ನಾನು ಸುಮ್ಮನಿದ್ದೆ. ಒಲೆಯ ಮೇಲೆ ರೊಟ್ಟಿ ಕರಕಾಗುವ ವಾಸನೆ ಬಂತು.

“ಕೋಲು ಯಾವಾಗಿಂದ ಹಿಡಿದಾರ? ಸಕ್ರಿ ಬ್ಯಾನಿ ಇತ್ತಲ್ಲ, ಗುಳಿಗಿ ತಗೋತಾರಂತೇನು? ಅಕ್ಕ ಹೆಂಗದಾಳ?”

ನಾನು ಕೇಳಿರಲಿಲ್ಲ. ಇಡೀ ದಿನ ಫೋಕಸ್, ಫ್ಲ್ಯಾಶ್ ಎಂದು ಒದ್ದಾಡಿದ್ದೇ ಬಂತು! ಅವ್ವ ರೊಟ್ಟಿ ತಿರುವಿಹಾಕಿ, ಕಾರ್ಡನ್ನು ದೇವರ ಜಗುಲಿಗಲ್ಲ, ಹಿಟ್ಟಿನ ಡಬ್ಬಿಯ ಪಕ್ಕ ನಿಲ್ಲಿಸಿದಳು. ದಿನಾ ಕೈಯಾಡುವ ಜಾಗ.

“ಅದರಾಗ ಇನ್ನ ಎಷ್ಟದಾವು?”

“ಒಂದೈತೆವ್ವಾ.”

“ಇರ್ಲಿ ಹಂಗ. ಬರೂ ಅಮಾಸಿಗೆ ಇಬ್ಬರಿಗೂ ಊಟಕ್ಕ ಬರ್ರಿ ಅಂತ ಫೋನ್ ಮಾಡು. ನಾ ಹೇಳೇನಂತ ಹೇಳು.”

ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನ. ದಾವಣಗೆರೆಯ ಗೆಳೆಯನ ಮುಹೂರ್ತ ನಾಳಿದ್ದು. ಬೆಳಗಿನಿಂದ ಮೂರು ಸಲ ಫೋನ್ ಮಾಡಿದ್ದಾನೆ. ನಾನು ಎತ್ತಿಲ್ಲ.